ಅದೇ ದಾರಿಯಲ್ಲಿ ನಡೆದು ಬಂದವಳು

ನಮ್ಮ ಮನೆಗಳಲ್ಲಿ ಸೊಸೆಯೊಬ್ಬಳು ಬಸುರಾದಳೆಂದರೆ ಆ ಸಂತಸ ಆಕೆಯೊಬ್ಬಳದಾಗಿ ಉಳಿಯುವುದಿಲ್ಲ. ಅತ್ತೆ, ನೆಗೆಣ್ಣಿಯರು, ತವರಿನ ತಾಯಿ, ಓಣಿಯ ಹಿರಿಯ ಮುತ್ತೈದೆಯರು ಎಲ್ಲರೂ ಅದರಲ್ಲಿ ಪಾಲುಗಾರರು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕುಬಸ ಮಾಡುತ್ತಾರೆ. ಬಯಕೆಯ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಆ ಸಡಗರದ ನಡುವೆಯೇ, ಯಾರೂ ಪಾಠವೆಂದು ಹೇಳದೆ, ಒಂದು ದೊಡ್ಡ ವಿದ್ಯೆ ಹಿರಿಯರಿಂದ ಕಿರಿಯರಿಗೆ ದಾಟುತ್ತದೆ. ಏನು ಉಣ್ಣಬೇಕು, ಹೇಗೆ ಮಲಗಬೇಕು, ಕಾಣಿಸಿಕೊಂಡದ್ದು ಹೆರಿಗೆಯ ನೋವೋ ಅಲ್ಲವೋ, ಕೂಸು ಮೊಲೆ ಹಿಡಿಯದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಹೀಗೆ ಬಂದ ತಿಳಿವಳಿಕೆ. ಕಂಗೆಟ್ಟ ಚೊಚ್ಚಲ ಬಸುರಿಯ ಕೈ ಹಿಡಿದು "ನನಗೂ ಹಿಂಗ ಆಗಿತ್ತವ್ವಾ, ಅಂಜಬ್ಯಾಡ" ಎಂದು ಒಬ್ಬಳು ಹೇಳಿದರೆ, ವೈದ್ಯರ ಹತ್ತು ಮಾತಿಗಿಂತ ಆ ಒಂದು ಮಾತು ಹೆಚ್ಚು ಧೈರ್ಯ ಕೊಡುತ್ತದೆಂಬುದನ್ನು ಹೆತ್ತವರೆಲ್ಲ ಬಲ್ಲರು.

ಆದರೆ ಈ ಮಾತನ್ನು ಹೇಳಬಲ್ಲವರು ಮನೆಯಲ್ಲಿ, ಓಣಿಯಲ್ಲಿ, ಬಂಧುಬಳಗದಲ್ಲಿ ಒಬ್ಬರೂ ಇಲ್ಲದಂಥ ಬಸುರೊಂದಿದೆ. ಗರ್ಭಿಣಿಯರ ತಪಾಸಣೆಗೆಂದು ಆಸ್ಪತ್ರೆಗೆ ಹೋದವಳ ರಕ್ತದಲ್ಲಿ ಎಚ್.ಐ.ವಿ. ಸೋಂಕು ಇದೆಯೆಂದು ತಿಳಿದುಬಂದಾಗ, ಆ ಕ್ಷಣದವರೆಗೆ ಸುತ್ತ ನೆರೆದಿದ್ದ ಹೆಂಗಸರೆಲ್ಲ ಒಮ್ಮೆಗೇ ದೂರವಾಗಿಬಿಡುತ್ತಾರೆ. ಅವರು ಕೈಬಿಟ್ಟರೆಂದಲ್ಲ, ಅವರಿಗೆ ಹೇಳುವ ಧೈರ್ಯ ಆಕೆಗಿಲ್ಲ. ಗಂಡನಿಗೆ ಹೇಳಿದರೆ ಏನಾದೀತು, ಅತ್ತೆಗೆ ತಿಳಿದರೆ ಏನಾದೀತು, ಹೊಟ್ಟೆಯಲ್ಲಿರುವ ಕೂಸಿನ ಗತಿಯೇನು ಎಂಬ ಮೂರು ಪ್ರಶ್ನೆಗಳನ್ನು ಹೊತ್ತುಕೊಂಡು ಆಕೆ ಒಬ್ಬಳೇ ಮನೆಗೆ ಮರಳುತ್ತಾಳೆ. ಇಂಥ ಹೆಣ್ಣುಮಕ್ಕಳಿಗೆ "ನನಗೂ ಹೀಗೇ ಆಗಿತ್ತು" ಎನ್ನುವ ಒಬ್ಬಳನ್ನು ಹುಡುಕಿ ಕೊಟ್ಟ ವ್ಯವಸ್ಥೆಯೊಂದರ ಕಥೆಯನ್ನು ನಮ್ಮ ಓದುಗ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ. ಅದು ನಡೆದದ್ದು ದೂರದ ದಕ್ಷಿಣ ಆಫ್ರಿಕದಲ್ಲಿ. ಆದರೂ ಓದುತ್ತ ಹೋದಂತೆ ಅಲ್ಲಿಯ ಅತ್ತೆಸೊಸೆಯರು ನಮಗೆ ಅಪರಿಚಿತರೆನಿಸಲಾರರು.

2001ರ ದಕ್ಷಿಣ ಆಫ್ರಿಕವನ್ನು ನೆನೆಯಬೇಕು. ಆ ವರ್ಷ ಅಲ್ಲಿಯ ಸರಕಾರಿ ಆಸ್ಪತ್ರೆಗಳಿಗೆ ಬಂದ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ಶೇ. 24.8ರಷ್ಟು ಮಂದಿಯಲ್ಲಿ ಸೋಂಕು ಕಂಡುಬಂತು. ಎಂದರೆ ಬಾಗಿಲಲ್ಲಿ ಸಾಲಾಗಿ ಕುಳಿತ ನಾಲ್ವರು ಬಸುರಿಯರಲ್ಲಿ ಸುಮಾರಾಗಿ ಒಬ್ಬಳು. ಹೇಳಿದರೆ ಸಿಗುವ ಫಲವೇನೆಂಬುದೂ ಆ ಹೆಂಗಸರಿಗೆ ಗೊತ್ತಿತ್ತು. 1998ರ ಡಿಸೆಂಬರಿನಲ್ಲಿ ಡರ್ಬನ್ ನಗರದ ಬಳಿ ಗುಗು ಡ್ಲಾಮಿನಿ ಎಂಬ ಮಹಿಳೆ ತನಗೆ ಸೋಂಕು ಇರುವುದನ್ನು ಬಹಿರಂಗವಾಗಿ ಹೇಳಿಕೊಂಡ ಕೆಲವೇ ದಿನಗಳಲ್ಲಿ ನೆರೆಹೊರೆಯ ಜನರ ಗುಂಪೊಂದು ಆಕೆಯನ್ನು ಹೊಡೆದು ಕೊಂದಿತ್ತು.

ಇನ್ನು ಔಷಧದ ಮಾತು. ಸೋಂಕುಳ್ಳ ತಾಯಿಯ ಕೂಸಿಗೆ ಸೋಂಕು ತಗಲಿಯೇ ತೀರುತ್ತದೆಂದು ನಂಬಿದವರು ನಮ್ಮಲ್ಲಿ ಇಂದಿಗೂ ಬಹಳ. ಇದು ತಪ್ಪು ಕಲ್ಪನೆ. ಯಾವ ಚಿಕಿತ್ಸೆಯೂ ಇಲ್ಲದಿದ್ದಾಗಲೂ ನೂರು ತಾಯಂದಿರಲ್ಲಿ 15ರಿಂದ 45 ತಾಯಂದಿರ ಮಕ್ಕಳಿಗೆ ಮಾತ್ರ ಅದು ದಾಟುತ್ತದೆ. ಗರ್ಭದಲ್ಲಿ ಸ್ವಲ್ಪ, ಹೆರಿಗೆಯ ಹೊತ್ತಿನಲ್ಲಿ ಹೆಚ್ಚು, ಉಳಿದದ್ದು ಮೊಲೆಹಾಲಿನ ಮೂಲಕ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ವೈದ್ಯರು ಎ.ಜೆಡ್.ಟಿ. ಎಂಬ ಔಷಧದಿಂದ ಈ ಪ್ರಮಾಣವನ್ನು ಶೇ. 25.5ರಿಂದ 8.3ಕ್ಕೆ ಇಳಿಸಿ ತೋರಿಸಿದರು. ಆ ಕ್ರಮ ದೀರ್ಘವಾದದ್ದು, ಬಡದೇಶಗಳಿಗೆ ಎಟುಕದ ಬೆಲೆಯದು. 1999ರಲ್ಲಿ ಉಗಾಂಡದಲ್ಲಿ ನಡೆದ ಪ್ರಯೋಗವೊಂದು ಸುಲಭದ ಹಾದಿ ತೋರಿಸಿತು. ಹೆರಿಗೆ ನೋವು ಆರಂಭವಾದಾಗ ತಾಯಿಗೆ ನೆವಿರಪಿನ್ ಎಂಬ ಒಂದು ಮಾತ್ರೆ, ಹುಟ್ಟಿದ ಮೂರು ದಿನಗಳೊಳಗೆ ಕೂಸಿಗೆ ಅದೇ ಔಷಧದ ಒಂದು ಗುಟುಕು. ಇಷ್ಟರಿಂದಲೇ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಹೀಗಿದ್ದೂ ದಕ್ಷಿಣ ಆಫ್ರಿಕದ ಅಂದಿನ ಸರಕಾರ ಈ ಮಾತ್ರೆಯನ್ನು 18 ಕೇಂದ್ರಗಳಿಗೆ ಮಾತ್ರ ಸೀಮಿತಗೊಳಿಸಿತು. ಎಚ್.ಐ.ವಿ.ಯಿಂದಲೇ ಏಡ್ಸ್ ಬರುತ್ತದೆಂಬುದನ್ನೇ ಅಧ್ಯಕ್ಷ ಥಾಬೋ ಎಂಬೆಕಿ ಅನುಮಾನಿಸುತ್ತಿದ್ದ ಕಾಲವದು. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಜನಸಂಘಟನೆ ನ್ಯಾಯಾಲಯದ ಮೆಟ್ಟಿಲೇರಿತು. 2002ರ ಜುಲೈ 5ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯ ಈ ನಿರ್ಬಂಧವನ್ನು ತೆಗೆದುಹಾಕುವಂತೆ ಆಜ್ಞೆ ಮಾಡಿತು. ಆ ವಿಳಂಬದ ವರ್ಷಗಳಲ್ಲಿ ತಡೆಯಬಹುದಾಗಿದ್ದ ಸೋಂಕಿಗೆ ಸುಮಾರು 35,000 ಕೂಸುಗಳು ತುತ್ತಾದವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಲೆಕ್ಕಹಾಕಿದರು. ಪಶ್ಚಿಮ ಕೇಪ್ ಪ್ರಾಂತ ಮಾತ್ರ ಈ ವಿಷಯದಲ್ಲಿ ತುಸು ಮುಂದಿತ್ತು. ಕೇಪ್‌ಟೌನ್ ನಗರದ ಅಂಚಿನ ಖಯಲಿಷ ಎಂಬ ಬಡವರ ಬಡಾವಣೆಯಲ್ಲಿ 1999ರಲ್ಲಿಯೇ ಗರ್ಭಿಣಿಯರಿಗೆ ಔಷಧ ಕೊಡಲು ಆರಂಭಿಸಲಾಗಿತ್ತು.

ಅದೇ ಕೇಪ್‌ಟೌನಿನಲ್ಲಿ ಗ್ರೂಟ್ ಸ್ಕೂರ್ ಎಂಬ ಹೆಸರಾಂತ ಆಸ್ಪತ್ರೆಯಿದೆ. 1967ರ ಡಿಸೆಂಬರ್ 3ರಂದು ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಜಗತ್ತಿನ ಮೊಟ್ಟಮೊದಲ ಮಾನವ ಹೃದಯ ಕಸಿಯನ್ನು ನಡೆಸಿದ್ದು ಅಲ್ಲಿಯೇ. ಆ ಸಂಗತಿಯನ್ನು ನಮ್ಮ ಮಕ್ಕಳೂ ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಾರೆ. ನಾನು ಹೇಳಹೊರಟಿರುವುದು ಅದೇ ಆಸ್ಪತ್ರೆಯಲ್ಲಿ 2001ರಲ್ಲಿ, ಯಾವ ಯಂತ್ರವೂ ಇಲ್ಲದೆ, ಕೆಲವರು ತಾಯಂದಿರನ್ನು ಕೂಡಿಸಿಕೊಂಡು ಆರಂಭವಾದ ಕೆಲಸದ ವಿಷಯ. ಅದಕ್ಕೆ ಯಾವ ಪುಸ್ತಕದಲ್ಲಿಯೂ ಒಂದು ಸಾಲು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಡಾ. ಮಿಚೆಲ್ ಬೆಸರ್ ಅಮೆರಿಕದಿಂದ ಅಲ್ಲಿಗೆ ಬಂದಿದ್ದ ಪ್ರಸೂತಿ ವೈದ್ಯರು. ಔಷಧ ಕೈಯಲ್ಲಿದ್ದರೂ ಅದು ತಾಯಂದಿರಿಗೆ ಸರಿಯಾಗಿ ತಲುಪುತ್ತಿಲ್ಲವೆಂಬುದು ಅವರ ಅರಿವಿಗೆ ಬಂತು. ಏಕೆ ತಲುಪುತ್ತಿರಲಿಲ್ಲ? ಒಬ್ಬ ಹೆಣ್ಣುಮಗಳನ್ನು ಕಣ್ಮುಂದೆ ತಂದುಕೊಳ್ಳೋಣ. ಹೆಸರು ಬೇಡ. ಖೋಸಾ ಭಾಷೆಯಲ್ಲಿ ಮನೆಗೆ ಬಂದ ಹೊಸ ಸೊಸೆಗೆ 'ಮಕೋಟಿ' ಎನ್ನುತ್ತಾರೆ. ಇವಳೂ ಒಬ್ಬ ಮಕೋಟಿ. ಬೆಳಗಿನಿಂದ ಸಾಲಿನಲ್ಲಿ ಕುಳಿತಿದ್ದಾಳೆ. ಒಬ್ಬ ನರ್ಸ್, ಎದುರಿಗೆ ಹತ್ತಾರು ಬಸುರಿಯರು. ಫಲಿತಾಂಶ ಹೇಳಲು, ಸಮಾಧಾನ ಪಡಿಸಲು, ಔಷಧದ ಕ್ರಮ ತಿಳಿಸಲು ಸಿಗುವುದು ಕೆಲವು ನಿಮಿಷ. ಸೋಂಕಿದೆ ಎಂಬ ಮೊದಲ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನ ಯಾವ ಮಾತೂ ಆಕೆಗೆ ಕೇಳಿಸುವುದಿಲ್ಲ. ಮನೆಗೆ ಹೋಗುತ್ತಾಳೆ. ಮಾತ್ರೆಯನ್ನು ಎಲ್ಲಿ ಬಚ್ಚಿಡಬೇಕು? ಒಂದೇ ಕೋಣೆಯ ಮನೆ. ನಡುರಾತ್ರಿ ನೋವು ಬಂದರೆ ಎಲ್ಲರೂ ನೋಡುತ್ತಿರುವಾಗ ಅದನ್ನು ಹೇಗೆ ನುಂಗಬೇಕು?

ಹೆರಿಗೆಯಾದ ಮೇಲಿನದು ಇನ್ನೂ ಕಷ್ಟ. ಆ ದಿನಗಳಲ್ಲಿ ಮೊಲೆಹಾಲಿನಿಂದ ಸೋಂಕು ದಾಟುವುದನ್ನು ತಪ್ಪಿಸಲೆಂದು ಅಲ್ಲಿಯ ಕೇಂದ್ರಗಳಲ್ಲಿ ಹಾಲಿನ ಪುಡಿಯ ಡಬ್ಬಿಗಳನ್ನು ಉಚಿತವಾಗಿ ಕೊಡುತ್ತಿದ್ದರು. ಸದುದ್ದೇಶದ್ದೇ. ಆದರೆ ಆ ಡಬ್ಬಿ ಕಂಕುಳಲ್ಲಿ ಹಿಡಿದು ಬೀದಿಯಲ್ಲಿ ನಡೆಯುವ ಬಾಣಂತಿಯ ಗುಟ್ಟನ್ನು ಡಬ್ಬಿಯೇ ಊರಿಗೆಲ್ಲ ಸಾರುತ್ತಿತ್ತು. ಎದೆಯಲ್ಲಿ ಹಾಲು ತುಂಬಿರುವಾಗ ಕೂಸಿಗೆ ಏಕೆ ಕುಡಿಸುವುದಿಲ್ಲವೆಂದು ಅತ್ತೆ ಕೇಳುತ್ತಾಳೆ. ಯಾವ ಅತ್ತೆ ಕೇಳದೆ ಇರುತ್ತಾಳೆ? ಉತ್ತರ ಹೇಳಲಾಗದ ಸೊಸೆ ಹಗಲು ಎಲ್ಲರೆದುರು ಮೊಲೆ ಕೊಟ್ಟು, ರಾತ್ರಿ ಮರೆಯಲ್ಲಿ ಬಾಟಲಿ ಕೊಡುತ್ತಾಳೆ. ಅದಕ್ಕೆ ಬೆರೆಸುವ ನೀರು ಓಣಿಯ ಸಾರ್ವಜನಿಕ ನಲ್ಲಿಯದು. ಹೀಗೆ ಎರಡನ್ನೂ ಬೆರೆಸಿ ಕೊಡುವುದೇ ಎಲ್ಲಕ್ಕಿಂತ ಅಪಾಯದ ಕ್ರಮ. ಬರಿಯ ಮೊಲೆಹಾಲು ಕುಡಿದ ಕೂಸಿಗಿಂತ ಮೊಲೆಹಾಲು, ಹೊರಗಿನ ಆಹಾರ ಎರಡನ್ನೂ ಸೇವಿಸಿದ ಕೂಸಿಗೆ ಸೋಂಕು ತಗಲುವ ಸಂಭವ ಹೆಚ್ಚೆಂದು ಡರ್ಬನ್ನಿನಲ್ಲಿ ನಡೆದ ಅಧ್ಯಯನವೊಂದು 1999ರಲ್ಲಿಯೇ ತೋರಿಸಿತ್ತು.

ಇವು ಯಾವುವೂ ವೈದ್ಯಶಾಸ್ತ್ರದ ಪ್ರಶ್ನೆಗಳಲ್ಲ. ಡಾ. ಬೆಸರ್ ಅವರ ದೊಡ್ಡತನ ಇರುವುದು, ಇವಕ್ಕೆ ಉತ್ತರ ತಮ್ಮಲ್ಲಿಲ್ಲವೆಂದು ಒಪ್ಪಿಕೊಂಡು, ಉತ್ತರ ಯಾರಲ್ಲಿದೆಯೋ ಅವರನ್ನು ಕರೆದದ್ದರಲ್ಲಿ. ಅದೇ ಸೋಂಕಿನೊಡನೆ ಬಸುರಾಗಿ, ಔಷಧ ತೆಗೆದುಕೊಂಡು, ಹೆತ್ತು, ಕೂಸನ್ನು ಎತ್ತಿಕೊಂಡು ಹೋಗಿದ್ದ ತಾಯಂದಿರನ್ನು ಅವರು ಮರಳಿ ಆಸ್ಪತ್ರೆಗೆ ಬರಮಾಡಿಕೊಂಡು, ಈಗ ಬಸುರಾಗಿರುವವರೊಡನೆ ಕೂಡಿಸಿದರು. 'ಮದರ್ಸ್ ಟು ಮದರ್ಸ್', ಎಂದರೆ 'ತಾಯಂದಿರಿಂದ ತಾಯಂದಿರಿಗೆ' ಎಂಬ ಸಂಸ್ಥೆ ಹುಟ್ಟಿಕೊಂಡದ್ದು ಹೀಗೆ. ಆ ಹಿರಿಯಕ್ಕಂದಿರಿಗೆ ಅಲ್ಲಿ 'ಮೆಂಟರ್ ಮದರ್' ಎಂದು ಹೆಸರು. ನಾವು ಮಾರ್ಗದರ್ಶಿ ತಾಯಿ ಎನ್ನಬಹುದು.

ಮಾರ್ಗದರ್ಶಿ ತಾಯಿಯ ಕೆಲಸ ಕಾಯುವ ಸಾಲಿನಿಂದಲೇ ಆರಂಭವಾಗುತ್ತದೆ. ಪರೀಕ್ಷೆಯೆಂದರೇನು, ಫಲಿತಾಂಶ ಏನೇ ಬಂದರೂ ಮುಂದೇನು ಎಂಬುದನ್ನು ಎಲ್ಲ ಗರ್ಭಿಣಿಯರ ಮುಂದೆ ಆಡುಮಾತಿನಲ್ಲಿ ವಿವರಿಸುತ್ತಾಳೆ. ಸೋಂಕಿದೆಯೆಂದು ತಿಳಿದವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೂಡಿಸುತ್ತಾಳೆ. ಅತ್ತರೆ ಅಳಲು ಬಿಡುತ್ತಾಳೆ. "ನನಗೂ ಇದೆ. ಇಗೋ ನನ್ನ ಮಗು" ಎಂದು ಹೇಳಬಲ್ಲವಳು ಆ ಇಡೀ ಆಸ್ಪತ್ರೆಯಲ್ಲಿ ಅವಳೊಬ್ಬಳೇ. ಮಾತ್ರೆಯನ್ನು ಎಲ್ಲಿಡಬೇಕು, ಯಾವ ಹೊತ್ತಿಗೆ ನುಂಗಿದರೆ ಮನೆಯವರ ಕಣ್ಣಿಗೆ ಬೀಳದು, ಓಕರಿಕೆ ಬಂದರೆ ಏನು ಮಾಡಬೇಕು ಎಂಬುದು ಅವಳಿಗೆ ಅನುಭವದಿಂದ ಗೊತ್ತು. ಗಂಡನಿಗೆ ಹೇಳುವುದು ಹೇಗೆಂದು ಇಬ್ಬರೂ ಕುಳಿತು ಮೊದಲೇ ಆಡಿ ನೋಡುತ್ತಾರೆ. ಒಬ್ಬಳು ಗಂಡನಾಗಿ ಸಿಟ್ಟಾಗುತ್ತಾಳೆ, ಇನ್ನೊಬ್ಬಳು ಉತ್ತರಿಸಲು ಕಲಿಯುತ್ತಾಳೆ. ಹೇಳಿದರೆ ಹೊಡೆತ ಬೀಳುವ ಮನೆಯಾದರೆ ಸದ್ಯಕ್ಕೆ ಹೇಳಬೇಡವೆನ್ನುವ ವಿವೇಕವೂ ಈ ಕೆಲಸಕ್ಕೆ ಬೇಕು. ಗೊತ್ತಾದ ದಿನ ಬಾರದವಳನ್ನು, ಗುಟ್ಟು ಹೊರಬೀಳದಂತೆ ಹುಡುಕಿಕೊಂಡು ಹೋಗುವುದೂ ಇವಳದೇ ಹೊಣೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಈ ತಾಯಂದಿರು ಪುಕ್ಕಟೆ ಸೇವೆ ಮಾಡುವವರಲ್ಲ. ಅವರಿಗೆ ತರಬೇತಿಯಿದೆ, ಆಸ್ಪತ್ರೆಯ ಸಿಬ್ಬಂದಿಯ ಸಾಲಿನಲ್ಲಿ ಸ್ಥಾನವಿದೆ, ವೇತನವಿದೆ. ಹೆಣ್ಣುಮಕ್ಕಳ ಸೇವೆಯನ್ನು ಹೊಗಳಿ, ಹಾರ ಹಾಕಿ, ಬರಿಗೈಯಲ್ಲಿ ಕಳಿಸುವ ಅಭ್ಯಾಸ ನಮ್ಮ ಸಭೆ ಸಮಾರಂಭಗಳಲ್ಲಿಯೂ ಇಲ್ಲದಿಲ್ಲ. ಕಾಯಕವೆಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಾವು ಇದನ್ನು ಗಮನಿಸಬೇಕು. ರೋಗದ ಕಾರಣಕ್ಕೆ ಮನೆಯಿಂದ ಹೊರಬಿದ್ದವಳಿಗೆ ಅದೇ ರೋಗದ ಅನುಭವವೇ ದುಡಿಮೆಯಾಯಿತು. ತಿಂಗಳ ಕೊನೆಗೆ ಸಂಬಳ ತರುವ ಸೊಸೆಯನ್ನು ಬೀದಿಗೆ ತಳ್ಳುವುದು ಅಷ್ಟು ಸುಲಭವಲ್ಲವೆಂಬುದೂ ಲೋಕಾನುಭವದ ಮಾತು.

ಕಾಲ ಕಳೆದಂತೆ ವೈದ್ಯರ ಉಪದೇಶವೂ ಬದಲಾಯಿತು. ಆ ಬದಲಾವಣೆಯ ಭಾರವನ್ನು ಹೊತ್ತವರೂ ಈ ತಾಯಂದಿರೇ. ಮೊಲೆ ಕೊಡಬೇಡಿ ಎಂದು ವರ್ಷಗಟ್ಟಲೆ ಹೇಳಿದ ಮೇಲೆ, 2011ರ ಆಗಸ್ಟಿನಲ್ಲಿ ದಕ್ಷಿಣ ಆಫ್ರಿಕ ಉಚಿತ ಹಾಲಿನ ಪುಡಿಯ ಕ್ರಮವನ್ನು ಕೈಬಿಡಲು ನಿರ್ಧರಿಸಿತು. ಪುಡಿಹಾಲು ಕುಡಿದ ಬಡವರ ಕೂಸುಗಳು ವಾಂತಿಭೇದಿಯಿಂದ, ಕಫದಿಂದ ಸಾಯುತ್ತಿದ್ದವು. ಇತ್ತ ತಾಯಿ ದಿನವೂ ಔಷಧ ಸೇವಿಸುತ್ತಿದ್ದರೆ ಮೊಲೆಹಾಲಿನ ಅಪಾಯ ಬಹುಮಟ್ಟಿಗೆ ತಗ್ಗುತ್ತದೆಂದು ತಿಳಿದುಬಂದಿತ್ತು. ಚಿಕಿತ್ಸೆಯಲ್ಲಿರುವ ತಾಯಿ ಮೊದಲ ಆರು ತಿಂಗಳು ಬರಿಯ ಮೊಲೆಹಾಲನ್ನೇ ಕೊಟ್ಟು, ಅನಂತರ ಬೇರೆ ಆಹಾರದೊಡನೆ ಕನಿಷ್ಠ ಒಂದು ವರ್ಷ ಮೊಲೆಯೂಡಬೇಕು, ಎರಡು ವರ್ಷ ಅಥವಾ ಅದಕ್ಕೂ ಮೇಲೆ ಮುಂದುವರಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಸಲಹೆ. ನಿನ್ನೆ ವಿಷವೆಂದದ್ದನ್ನು ಇಂದು ಅಮೃತವೆಂದರೆ ಯಾರು ನಂಬುತ್ತಾರೆ? ತಾನೇ ಮೊಲೆ ಕೊಟ್ಟು ಬೆಳೆಸಿದ ಕೂಸನ್ನು ಮಡಿಲಲ್ಲಿ ಕೂಡಿಸಿಕೊಂಡವಳು ಹೇಳಿದರೆ ನಂಬುತ್ತಾರೆ.

ಔಷಧ ಸುಲಭವಾದಷ್ಟೂ ಈ ಜೊತೆಗಾತಿಯ ಅಗತ್ಯ ಕಡಿಮೆಯಾದೀತೆಂದು ಭಾವಿಸಿದವರಿದ್ದರು. ಮಲಾವಿ ಎಂಬ ಬಡದೇಶದ ಅನುಭವ ಬೇರೆಯೇ ಆಯಿತು. ಸೋಂಕು ಕಂಡುಬಂದ ಪ್ರತಿಯೊಬ್ಬ ಗರ್ಭಿಣಿಗೂ ರಕ್ತದ ಬೇರೆ ಪರೀಕ್ಷೆಗಳಿಗಾಗಿ ಕಾಯದೆ ಜೀವನಪರ್ಯಂತದ ಚಿಕಿತ್ಸೆ ಆರಂಭಿಸುವ ಕ್ರಮವನ್ನು 2011ರಲ್ಲಿ ಆ ದೇಶವೇ ಮೊದಲು ಜಾರಿಗೆ ತಂದಿತು. ಸಾವಿರಾರು ಕೂಸುಗಳು ಬದುಕಿಕೊಂಡವು. ಆದರೆ ಹೀಗೆ ಬಸುರಿನಲ್ಲಿ ಔಷಧ ಆರಂಭಿಸಿದವರಲ್ಲಿ ಮೊದಲ ದಿನದ ಮಾತ್ರೆ ಒಯ್ದು ಮತ್ತೆ ಬಾರದೆ ಹೋದವರ ಪ್ರಮಾಣ, ಕಾಯಿಲೆ ಉಲ್ಬಣಿಸಿದ ಮೇಲೆ ಔಷಧಕ್ಕೆ ಬಂದವರಿಗಿಂತ ಐದು ಪಟ್ಟು ಹೆಚ್ಚಿತ್ತು. ಅಚ್ಚರಿಯೇನು? ಮೈಯಲ್ಲಿ ಯಾವ ನೋವೂ ಇಲ್ಲದವಳಿಗೆ ಒಂದೇ ಮುಂಜಾನೆ, ನಿನಗೆ ರೋಗವಿದೆ, ಇಂದಿನಿಂದ ಸಾಯುವವರೆಗೆ ಈ ಮಾತ್ರೆ ಎಂದರೆ ಆಕೆಯ ಕಾಲು ಮತ್ತೆ ಆ ಕಡೆ ಹೇಗೆ ಬಂದೀತು? ಅಲ್ಲಿಯೇ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ವ್ಯವಸ್ಥೆಯಲ್ಲಿ ಎರಡು ವರ್ಷಗಳ ಬಳಿಕ ಚಿಕಿತ್ಸೆಯಲ್ಲಿ ಉಳಿದವರು ಶೇ. 66. ಅನುಭವಿ ತಾಯಂದಿರ ಬೆಂಬಲವಿದ್ದ ಕಡೆ ಶೇ. 80 ಅಥವಾ ಅದಕ್ಕಿಂತ ಹೆಚ್ಚು. ಈ ಎರಡು ಅಂಕಿಗಳ ನಡುವಿನ ಅಂತರವೆಲ್ಲ ಒಬ್ಬಳು ಇನ್ನೊಬ್ಬಳ ಪಕ್ಕದಲ್ಲಿ ಕುಳಿತದ್ದರ ಫಲ.

ಕೇಪ್‌ಟೌನಿನ ಈ ಪದ್ಧತಿ ಆಫ್ರಿಕದ ಹತ್ತಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ದಕ್ಷಿಣ ಆಫ್ರಿಕದಲ್ಲಿ ಆರು ವಾರಗಳ ಕೂಸುಗಳಿಗೆ ಸೋಂಕು ದಾಟಿರುವ ಪ್ರಮಾಣ 2010ರಲ್ಲಿ ಶೇ. 3.5ಕ್ಕೂ 2011ರಲ್ಲಿ ಶೇ. 2.7ಕ್ಕೂ ಇಳಿಯಿತು. ಇದು ಔಷಧ, ಸರಕಾರ, ನ್ಯಾಯಾಲಯ, ದಾದಿಯರು, ತಾಯಂದಿರು ಎಲ್ಲರ ಕೂಡು ದುಡಿಮೆ. ಒಬ್ಬರಿಗೇ ಕೀರ್ತಿ ಕಟ್ಟುವುದು ಸರಿಯಲ್ಲ. ಕೊರತೆಗಳೂ ಇಲ್ಲದಿಲ್ಲ. ದಿನವೂ ಇನ್ನೊಬ್ಬರ ಕಣ್ಣೀರಿನ ಎದುರು ಕುಳಿತು ಮಾರ್ಗದರ್ಶಿ ತಾಯಿಯೂ ಬಳಲುತ್ತಾಳೆ. ಅವಳ ವೇತನ ಬಹುಪಾಲು ಹೊರದೇಶದ ದೇಣಿಗೆಯನ್ನು ನಂಬಿದ್ದು. 2025ರ ಆರಂಭದಲ್ಲಿ ಅಮೆರಿಕ ಸರಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕದುದ್ದಕ್ಕೂ ಇಂಥ ಕಾರ್ಯಕ್ರಮಗಳು ತತ್ತರಿಸಿದವು. 2023ರಲ್ಲಿಯೂ ಜಗತ್ತಿನಲ್ಲಿ ಸುಮಾರು 1,20,000 ಮಕ್ಕಳಿಗೆ ಹೊಸದಾಗಿ ಸೋಂಕು ತಗಲಿತೆಂದು ವಿಶ್ವಸಂಸ್ಥೆಯ ಅಂದಾಜು. ಔಷಧವಿಲ್ಲದ ಕಾಲದ ಮಕ್ಕಳಲ್ಲ ಇವರು.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಸ್ವಲ್ಪ ಹಿಂದಿನ ದಿನಗಳನ್ನು ನೆನಪಿಸಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಲಕೋಟೆ, ಬೆಳಗಾವಿ ಮುಂತಾದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರ ಪೈಕಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಸೋಂಕಿತ್ತು. ನಮ್ಮ ಮಠಗಳೂ ಜಾತ್ರೆಗಳೂ ಇರುವ ಊರುಗಳೇ ಅವು. ಆ ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಸೋಂಕು ಬಂದದ್ದು ಕೈಹಿಡಿದ ಗಂಡನಿಂದ. ಬಸುರಿನ ತಪಾಸಣೆಯಲ್ಲಿ ಮೊದಲು ಪತ್ತೆಯಾಗುವುದು ಹೆಂಡತಿಯದಾದ್ದರಿಂದ ರೋಗ ತಂದವಳೆಂಬ ಅಪವಾದವೂ ಅವಳ ತಲೆಗೇ ಬರುತ್ತಿತ್ತು. ಗೋಡೆಗಳ ಮೇಲೆ ತಲೆಬುರುಡೆಯ ಚಿತ್ರ ಬರೆದು ಹೆದರಿಸುತ್ತಿದ್ದ ಅಂದಿನ ಪ್ರಚಾರ ಅವಳ ಬದುಕನ್ನು ಇನ್ನಷ್ಟು ಕಠಿಣಗೊಳಿಸಿತೆಂದೇ ನನ್ನ ಅಭಿಪ್ರಾಯ.

ಈಗ ಸ್ಥಿತಿ ಎಷ್ಟೋ ಸುಧಾರಿಸಿದೆ. ದೇಶದಲ್ಲಿ ಗರ್ಭಿಣಿಯರ ಸೋಂಕಿನ ಪ್ರಮಾಣ 2021ರ ಸಮೀಕ್ಷೆಯಂತೆ ಶೇ. 0.22. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಸರಕಾರಿ ಕಾರ್ಯಕ್ರಮ 2002ರಿಂದ ನಡೆದಿದೆ; 2014ರಿಂದ ಪ್ರತಿಯೊಬ್ಬ ಸೋಂಕಿತ ಗರ್ಭಿಣಿಗೂ ಜೀವನಪರ್ಯಂತದ ಚಿಕಿತ್ಸೆ ಎ.ಆರ್.ಟಿ. ಕೇಂದ್ರಗಳಲ್ಲಿ ಉಚಿತ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ, ಸೋಂಕಿನ ವಿಷಯ ಬಯಲು ಮಾಡುವುದನ್ನೂ, ಭೇದಭಾವ ತೋರುವುದನ್ನೂ 2017ರ ಕಾಯಿದೆ ನಿಷೇಧಿಸಿದೆ. 1097 ಸಂಖ್ಯೆಗೆ ಫೋನ್ ಮಾಡಿದರೆ ಹೆಸರು ಹೇಳದೆಯೇ ಮಾಹಿತಿ ಪಡೆಯಬಹುದು. ಸೋಂಕಿತ ಮಹಿಳೆಯರೇ 1998ರಲ್ಲಿ ಚೆನ್ನೈಯಲ್ಲಿ ಪಾಸಿಟಿವ್ ವಿಮೆನ್ಸ್ ನೆಟ್‌ವರ್ಕ್ ಕಟ್ಟಿಕೊಂಡರು. ಅಂಥ ಬಳಗಗಳು ನಮ್ಮ ರಾಜ್ಯದಲ್ಲಿಯೂ ಇವೆ. ಜಿಲ್ಲಾಸ್ಪತ್ರೆಯ ಆಪ್ತಸಮಾಲೋಚಕಿಯನ್ನು ಕೇಳಿದರೆ ಅವುಗಳ ದಾರಿ ತೋರಿಸುತ್ತಾರೆ. ನಮ್ಮ ಮನೆಗಳಲ್ಲಿ ಹೆರಿಗೆಗೆಂದು ತವರಿಗೆ ಹೋಗುವ ರೂಢಿಯಿರುವುದರಿಂದ ಒಂದು ಮಾತು: ಊರು ಬದಲಾದಾಗ ಮಾತ್ರೆಯ ಕ್ರಮ ತಪ್ಪುವ ಭಯ ಹೆಚ್ಚು. ಹೊರಡುವ ಮೊದಲೇ ಕೇಂದ್ರಕ್ಕೆ ತಿಳಿಸಿ ತವರೂರಿನ ಹತ್ತಿರದ ಕೇಂದ್ರಕ್ಕೆ ಪತ್ರ ಪಡೆಯಬೇಕು. ಮಗಳ ಚೀಲದಲ್ಲಿ ಮಾತ್ರೆಯ ಡಬ್ಬಿ ಕಂಡ ತಾಯಿ ಮೊದಲು ಕೇಳುವ ಪ್ರಶ್ನೆ ಯಾವುದು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಕೂಸಿನ ಮೊದಲ ಪರೀಕ್ಷೆ ಆರು ವಾರಕ್ಕೆ. ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಕೂಸಿನ ಮೈಯಲ್ಲಿ ಬಹುಕಾಲ ಉಳಿಯುವುದರಿಂದ ಕಡೆಯ ಪರೀಕ್ಷೆ ಹದಿನೆಂಟು ತಿಂಗಳಿಗೆ. ಅಷ್ಟರಲ್ಲಿ ಕೂಸು ನಡೆಯಲು ಕಲಿತಿರುತ್ತದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಓಡಾಡಿ ಎಲ್ಲರ ಕಾಲಿಗೂ ತೊಡರುತ್ತಿರುತ್ತದೆ. ಕೇಪ್‌ಟೌನಿನ ಮಕೋಟಿ ಆ ಕಡೆಯ ಕಾಗದವನ್ನು ಕೈಯಲ್ಲಿ ಹಿಡಿದು ಹೊರಬರುತ್ತಾಳೆ. ಬಾಗಿಲ ಬಳಿಯ ಬೆಂಚಿನ ಮೇಲೆ, ಇಂದು ಬೆಳಿಗ್ಗೆಯಷ್ಟೇ ತಿಳಿದುಕೊಂಡ ಒಬ್ಬಳು ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಾಳೆ. ಮಕೋಟಿ ಸ್ವಲ್ಪ ಹೊತ್ತು ನಿಂತು ನೋಡಿ, ಮಗುವನ್ನು ಎತ್ತಿಕೊಂಡು, ಹೋಗಿ ಅವಳ ಪಕ್ಕದಲ್ಲಿ ಕೂಡುತ್ತಾಳೆ.